ಪ್ರೀಸೀಡ್, ಕಿಕ್‌ಸ್ಟಾರ್ಟ್, ಆಟೋಇನ್‌ಸ್ಟಾಲ್: ಅರ್ಧದಲ್ಲಿ ನಿಂತರೆ ಯಾವುದರ ತಪ್ಪು ಬೇಗ ಸಿಗುತ್ತದೆ?

ಮೂವತ್ತು ಕಂಪ್ಯೂಟರುಗಳ ಲ್ಯಾಬಿಗೆ ಲಿನಕ್ಸ್ ಹಾಕಬೇಕು. ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆಯೂ ಕೂರದೆ, ನೆಟ್‌ವರ್ಕ್ ಮೂಲಕ ತಾನಾಗಿಯೇ ಮುಗಿಯಬೇಕು. ಇನ್‌ಸ್ಟಾಲರಿನ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದು ಫೈಲಿನಲ್ಲಿ ಮೊದಲೇ ಬರೆದಿಡುವ ವ್ಯವಸ್ಥೆ ಇದಕ್ಕೆ ಬೇಕು: ಡೆಬಿಯನ್‌ನಲ್ಲಿ ಪ್ರೀಸೀಡ್, ರೆಡ್ ಹ್ಯಾಟ್ ಬಳಗದಲ್ಲಿ ಕಿಕ್‌ಸ್ಟಾರ್ಟ್, ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್ ಇವೆ. ಒಂದೇ ಸರ್ವರ್, ಒಂದೇ ಸ್ವಿಚ್ಚು, ಹಳೆಯ ಬಯೋಸ್ ಯಂತ್ರ, ಹೊಸ ಯುಇಎಫ್‌ಐ ಯಂತ್ರ (ಎರಡೂ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರಿನ ಬಗೆಗಳು) ಇಟ್ಟುಕೊಂಡು ಡೆಬಿಯನ್ 12, ರೆಡ್ ಹ್ಯಾಟ್ ಬಳಗದ ಆಲ್ಮಾಲಿನಕ್ಸ್ 9, ಉಬುಂಟು 24.04 ಸರ್ವರ್ ಮೂರನ್ನೂ ಹಾಕಿ ನೋಡಿದ ಮೇಲಿನ ಹೋಲಿಕೆ ಇದು.

ಎಲ್ಲ ಸರಿಯಿದ್ದ ದಿನ ಮೂರೂ ಚೆನ್ನಾಗಿಯೇ ಓಡುತ್ತವೆ. ಆಯ್ಕೆ ಮಾಡುವಾಗ ನೋಡಬೇಕಾದ್ದು ಕೆಟ್ಟ ದಿನವನ್ನು: ಎಲ್ಲಿ ಎಡವಿತು ಎಂದು ಯಾವುದು ತಾನೇ ಬಾಯಿಬಿಡುತ್ತದೆ? ಆ ಲೆಕ್ಕದಲ್ಲಿ ಕಿಕ್‌ಸ್ಟಾರ್ಟ್ ಮುಂದೆ, ಪ್ರೀಸೀಡ್ ಅದರ ಹಿಂದೆ, ಆಟೋಇನ್‌ಸ್ಟಾಲ್ ಕೊನೆಗೆ. ಯಂತ್ರಗಳು ಹಳೆಯವು, ರ‍್ಯಾಮ್ ಕಡಿಮೆ ಎಂದಾದರೆ ಮಾತ್ರ ಪ್ರೀಸೀಡ್‌ಗೇ ಮೊದಲ ಮಣೆ.

ಇನ್‌ಸ್ಟಾಲರ್ ಬರುವ ಮುಂಚೆ

ಯಾವುದನ್ನು ಹಿಡಿದರೂ ಆರಂಭದ ಹಾದಿ ಒಂದೇ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಐಪಿ, ಫೈಲು ಕೊಡುವ ಟಿಎಫ್‌ಟಿಪಿಯಿಂದ ಬೂಟ್‌ಲೋಡರ್, ಆಮೇಲೆ ಕರ್ನಲ್ ಮತ್ತು ಇನಿಟ್‌ಆರ್‌ಡಿ (ಕರ್ನಲ್ ಜೊತೆ ರ‍್ಯಾಮಿಗೆ ಬರುವ ಆರಂಭದ ಫೈಲುಗಳ ಕಟ್ಟು). ‘ಇನ್‌ಸ್ಟಾಲರ್ ಕೆಟ್ಟಿದೆ’ ಎನ್ನುವ ಎಷ್ಟೋ ದೂರುಗಳಲ್ಲಿ ಯಂತ್ರ ಇನ್ನೂ ಇನ್‌ಸ್ಟಾಲರ್ ತನಕ ಬಂದೇ ಇರುವುದಿಲ್ಲ. ಆದ್ದರಿಂದ ಪರದೆಯ ಮೇಲಿನ ಸಂಕೇತವನ್ನು ಮೊದಲು ಓದಿ. ನೆಟ್‌ವರ್ಕ್ ಬೂಟಿನ ಪದ್ಧತಿಗೆ ಪಿಎಕ್ಸ್‌ಇ ಎಂದು ಹೆಸರು. ಪಿಎಕ್ಸ್‌ಇ-ಇ51 ಎಂದರೆ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ. ಇ53 ಎಂದರೆ ಐಪಿ ಬಂದಿದೆ, ಬೂಟ್ ಫೈಲಿನ ಹೆಸರು ಬಂದಿಲ್ಲ. ಇ32 ಎಂದರೆ ಹೆಸರೂ ಬಂದಿದೆ, ಟಿಎಫ್‌ಟಿಪಿ ಸರ್ವರ್ ಓಗೊಡುತ್ತಿಲ್ಲ. ಫೈರ್‌ವಾಲಿನಲ್ಲಿ ಯುಡಿಪಿ 69 ತೆರೆದಿದೆಯೇ ನೋಡಿ. ಸರ್ವರಿನಲ್ಲಿ 67, 68, 69, 4011 ಪೋರ್ಟುಗಳ ಮೇಲೆ ನೆಟ್‌ವರ್ಕ್ ಸಂಚಾರ ತೋರಿಸುವ ಟಿಸಿಪಿಡಂಪ್ ಹಚ್ಚಿ ಯಂತ್ರವನ್ನು ಆನ್ ಮಾಡಿದರೆ ಮಾತು ಎಲ್ಲಿ ತುಂಡಾಯಿತು ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಯೋಸ್ ಯಂತ್ರಕ್ಕೂ ಯುಇಎಫ್‌ಐ ಯಂತ್ರಕ್ಕೂ ಬೂಟ್ ಫೈಲು ಬೇರೆ ಬೇರೆ. ಯಂತ್ರ ತಾನು ಯಾವ ಜಾತಿಯದೆಂದು ಡಿಎಚ್‌ಸಿಪಿಯ 93ನೇ ಆಪ್ಷನ್‌ನಲ್ಲಿ ಹೇಳುತ್ತದೆ: 0 ಬಂದರೆ ಬಯೋಸ್, 7 ಬಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡದೆ ಎಲ್ಲಕ್ಕೂ ಬಯೋಸ್‌ಗಾಗಿನ ಬೂಟ್‌ಲೋಡರ್ ಪಿಎಕ್ಸ್‌ಇಲಿನಕ್ಸ್‌ನ ಫೈಲನ್ನೇ ಕೊಟ್ಟರೆ ಯುಇಎಫ್‌ಐ ಯಂತ್ರ ಅದನ್ನು ಇಳಿಸಿಕೊಂಡು, ನಡೆಸಲಾಗದೆ, ಮುಂದಿನ ಬೂಟ್ ಸಾಧನಕ್ಕೆ ಹೋಗಿಬಿಡುತ್ತದೆ. ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಮಾಡಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ಕಟ್ಟು: ಡೆಬಿಯನ್‌ನ ಶಿಮ್ (ಆ ಸಹಿ ಪರೀಕ್ಷಿಸುವ ಮೊದಲ ತುಂಡು) ಆಲ್ಮಾದ ಕರ್ನಲನ್ನು ಒಪ್ಪುವುದಿಲ್ಲ, ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದು ನಿಲ್ಲುತ್ತದೆ. ಒಂದೇ ಸರ್ವರಿನಿಂದ ಮೂರು ಡಿಸ್ಟ್ರೊ ಹಂಚುವವರು ಪ್ರತಿಯೊಂದಕ್ಕೂ ಅದರದೇ ಶಿಮ್, ಅದರದೇ ಗ್ರಬ್ ಬೂಟ್‌ಲೋಡರ್ ಇರುವ ಪ್ರತ್ಯೇಕ ಫೋಲ್ಡರ್ ಇಡಬೇಕು.

ಹೆಚ್ಚು ಹೊತ್ತು ತಿನ್ನುವ ತೊಂದರೆ ಮಾತ್ರ ಸ್ವಿಚ್ಚಿನದು. ನೆಟ್‌ವರ್ಕಿನಲ್ಲಿ ಸುತ್ತು ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಓಡುತ್ತಿರುವ ಪೋರ್ಟಿಗೆ ಲಿಂಕ್ ಬಂದ ತಕ್ಷಣ ಡೇಟಾ ಹರಿಯುವುದಿಲ್ಲ. 15 ಸೆಕೆಂಡು ಕೇಳಿಸಿಕೊಳ್ಳುತ್ತದೆ, 15 ಸೆಕೆಂಡು ಕಲಿಯುತ್ತದೆ, ಆಮೇಲೆ ದಾರಿ ಬಿಡುತ್ತದೆ. ಫರ್ಮ್‌ವೇರ್ ಕೈಬಿಟ್ಟು ಇನ್‌ಸ್ಟಾಲರಿನ ಕರ್ನಲ್ ಕಾರ್ಡನ್ನು ಹಿಡಿಯುವಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ, ಆ 30 ಸೆಕೆಂಡು ಮತ್ತೆ ಮೊದಲಿನಿಂದ ಶುರು. ಫರ್ಮ್‌ವೇರಿಗೆ ಐಪಿ ಸಿಕ್ಕಿದೆ, ಇನ್‌ಸ್ಟಾಲರಿಗೆ ಸಿಗಲಿಲ್ಲ ಎನ್ನುವ ಸ್ಥಿತಿ ಹುಟ್ಟುವುದು ಹೀಗೆ. ಕ್ಲೈಂಟ್ ಪೋರ್ಟುಗಳಿಗೆ ಈ ಕಾಯುವಿಕೆಯನ್ನು ಬಿಟ್ಟುಬಿಡುವ ಪೋರ್ಟ್‌ಫಾಸ್ಟ್ ಹಾಕಿ. ಅದು ಕೈಯಲ್ಲಿಲ್ಲದಿದ್ದರೆ ಮಧ್ಯೆ ಒಂದು ಸಾದಾ ಸ್ವಿಚ್ಚು ಇಡಿ. ಆಗ ಯಂತ್ರದ ಲಿಂಕ್ ಬಿದ್ದರೂ ದೊಡ್ಡ ಸ್ವಿಚ್ಚಿನ ಪೋರ್ಟು ಬೀಳುವುದಿಲ್ಲ.

ಕಿಕ್‌ಸ್ಟಾರ್ಟ್

ಇದರ ದೊಡ್ಡ ಗುಣ, ಒಂದು ಯಂತ್ರಕ್ಕೆ ಕೈಯಾರೆ ಹಾಕಿದರೆ ಸಾಕು, ಅದರ ಕಿಕ್‌ಸ್ಟಾರ್ಟ್ ಫೈಲು ರೂಟ್ ಬಳಕೆದಾರನ ಫೋಲ್ಡರಿನಲ್ಲಿ ‘ಅನಕೊಂಡ-ಕೆಎಸ್.ಸಿಎಫ್‌ಜಿ’ ಹೆಸರಲ್ಲಿ ಸಿದ್ಧವಾಗಿರುತ್ತದೆ. ಅದನ್ನೇ ತಿದ್ದಿಕೊಂಡು ಉಳಿದವಕ್ಕೆ ಹಚ್ಚಬಹುದು. ಹಚ್ಚುವ ಮುಂಚೆ ‘ಕೆಎಸ್‌ವ್ಯಾಲಿಡೇಟರ್’ ಓಡಿಸಿದರೆ ‘%ಎಂಡ್’ ಮರೆತದ್ದು, ಆಪ್ಷನ್ ಹೆಸರು ತಪ್ಪಿದ್ದು ಸಾಲಿನ ಸಂಖ್ಯೆ ಸಮೇತ ಸಿಗುತ್ತದೆ. ಆದರೆ ಅದು ನೋಡುವುದು ವ್ಯಾಕರಣವನ್ನು ಮಾತ್ರ. ಪ್ಯಾಕೇಜಿನ ಹೆಸರು ನಿಜವೋ, ಕೊನೆಗೆ ಓಡುವ ‘%ಪೋಸ್ಟ್’ ಒಳಗಿನ ಸ್ಕ್ರಿಪ್ಟ್ ಸರಿಯೋ ಅದಕ್ಕೆ ಬೇಡ.

ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಹಳೆಯ ಕರ್ನಲ್ ಸಾಲನ್ನು (ಬೂಟ್‌ಲೋಡರ್ ಕರ್ನಲ್‌ಗೆ ದಾಟಿಸುವ ಆಪ್ಷನ್‌ಗಳ ಸಾಲು) ಹಾಗೇ ತಂದು ಬರಿಯ ‘ಕೆಎಸ್=’ ಎಂದು ಕೊಡುವುದು. ಆಲ್ಮಾದ ಆವೃತ್ತಿ 9ರಲ್ಲಿ ಮುಂದೆ ‘ಇನ್‌ಸ್ಟ್.’ ಇಲ್ಲದ ಆಪ್ಷನ್‌ಗಳಿಗೆ ಬೆಲೆಯಿಲ್ಲ. ಕಿಕ್‌ಸ್ಟಾರ್ಟ್ ಓದದೆ ಸಾಮಾನ್ಯ ಇನ್‌ಸ್ಟಾಲರ್ ತೆರೆದರೆ ಕಾರಣ ಇದೇ ಇರಬಹುದು. ಎರಡನೆಯದು ಇನ್ನೂ ಸಣ್ಣದು. ಡಿವಿಡಿ ಇಮೇಜನ್ನು ಮೌಂಟ್ ಮಾಡಿ, ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ವೆಬ್ ಫೋಲ್ಡರಿಗೆ ಕಾಪಿ ಮಾಡುತ್ತಾರೆ. ಚುಕ್ಕೆಯಿಂದ ಶುರುವಾಗುವ ಫೈಲುಗಳನ್ನು ನಕ್ಷತ್ರ ಹಿಡಿಯುವುದಿಲ್ಲ, ‘.ಟ್ರೀಇನ್‌ಫೋ’ ಅಲ್ಲೇ ಉಳಿದುಬಿಡುತ್ತದೆ. ಎರಡನೇ ಹಂತದ ಇಮೇಜ್ ಎಲ್ಲಿದೆಯೆಂದು ಇನ್‌ಸ್ಟಾಲರಿಗೆ ಹೇಳುವುದೇ ಆ ಫೈಲು. ಆಗ ‘ಕಾಂಟ್ ಫೈಂಡ್ ಇನ್‌ಸ್ಟಾಲರ್ ಮೇನ್ ಇಮೇಜ್ ಪಾತ್ ಇನ್ ಟ್ರೀಇನ್‌ಫೋ’ ಎಂಬ ಎಚ್ಚರಿಕೆ, ಹಿಂದೆಯೇ ‘ಡ್ರಾಕಟ್-ಇನಿಟ್‌ಕ್ಯೂ ಟೈಮೌಟ್’ ಸಾಲುಗಳು ಪರದೆ ತುಂಬ. ಆರ್‌ಸಿಂಕ್‌ನಿಂದ ಇಡೀ ಫೋಲ್ಡರನ್ನು ಕಾಪಿ ಮಾಡಿದರೆ ಈ ಕಾಟವಿಲ್ಲ.

ಟೈಮೌಟ್ ಬಂದಾಗ ಯಂತ್ರವನ್ನು ಆಫ್ ಮಾಡಬೇಡಿ. ಸ್ವಲ್ಪ ಹೊತ್ತು ಬಿಟ್ಟರೆ ಡ್ರಾಕಟ್ ಶೆಲ್ (ಇನಿಟ್‌ಆರ್‌ಡಿಯೊಳಗಿನ ಕಮಾಂಡ್ ಪರದೆ) ಬರುತ್ತದೆ. ಅಲ್ಲಿ ‘ಐಪಿ ಎ’ ಎಂದು ವಿಳಾಸ ಬಂದಿದೆಯೇ ನೋಡಿ, ಕರ್ಲ್ ಕಮಾಂಡಿನಿಂದ ಕಿಕ್‌ಸ್ಟಾರ್ಟ್ ಫೈಲನ್ನು ಎಳೆದು ನೋಡಿ. ಕಾರ್ಡೇ ಕಾಣದಿದ್ದರೆ ಡ್ರೈವರ್ ಇಲ್ಲ. ಕಾರ್ಡ್ ಇದ್ದು ವಿಳಾಸವಿಲ್ಲದಿದ್ದರೆ ಮೇಲೆ ಹೇಳಿದ ಸ್ವಿಚ್ಚಿನ ಕಥೆ. ವಿಳಾಸವಿದ್ದು 404 ಬಂದರೆ ದಾರಿಯ ತಪ್ಪು. ಇನ್‌ಸ್ಟಾಲರ್ ಒಳಗೆ ಹೋದ ಮೇಲೆ ಕೆಟ್ಟರೆ ಕಂಟ್ರೋಲ್-ಬಿ ಒತ್ತಿ 2 ಒತ್ತಿದರೆ ಶೆಲ್ ಸಿಗುತ್ತದೆ. ಟಿಎಂಪಿ ಫೋಲ್ಡರಿನಲ್ಲಿ ಡಿಸ್ಕಿಗೆ ‘ಸ್ಟೋರೇಜ್.ಲಾಗ್’, ಪ್ಯಾಕೇಜಿಗೆ ‘ಪ್ಯಾಕೇಜಿಂಗ್.ಲಾಗ್’, ಓಡಿಸಿದ ಕಮಾಂಡುಗಳಿಗೆ ‘ಪ್ರೋಗ್ರಾಂ.ಲಾಗ್’ ಎಂದು ಬೇರೆ ಬೇರೆ ಇವೆ. ಹೀಗೆ ವಿಂಗಡಿಸಿ ಕೊಡುವುದು ರಾತ್ರಿ ಹನ್ನೊಂದಕ್ಕೆ ಲ್ಯಾಬಿನಲ್ಲಿ ಕೂತವರಿಗೆ ದೊಡ್ಡ ಉಪಕಾರ.

ಕೊರತೆಯೂ ಇದೆ. ಎಚ್‌ಟಿಟಿಪಿ ಮೂಲಕ ಹಾಕಲು 3 ಜಿಬಿ ರ‍್ಯಾಮ್ ಬೇಕು. ಆವೃತ್ತಿ 9ಕ್ಕೆ ಪ್ರೊಸೆಸರ್ ಎಕ್ಸ್86-64-ವಿ2 ಮಟ್ಟದ್ದಿರಬೇಕು. ಕೋರ್ 2 ಡುಯೋ ಕಾಲದ ಯಂತ್ರದಲ್ಲಿ ಏನು ತಿದ್ದಿದರೂ ಇದು ಏಳುವುದಿಲ್ಲ.

ಪ್ರೀಸೀಡ್

ಮೂರರಲ್ಲಿ ಅತ್ಯಂತ ಹಗುರ ಇದೇ. ದೊಡ್ಡ ಇಮೇಜನ್ನು ರ‍್ಯಾಮಿಗೆ ಎಳೆದುಕೊಳ್ಳದೆ, ಸಣ್ಣ ಇನಿಟ್‌ಆರ್‌ಡಿಯಿಂದ ಶುರುವಾಗಿ ಬೇಕಾದ ತುಂಡುಗಳನ್ನಷ್ಟೇ ಮಿರರಿನಿಂದ (ಡೆಬಿಯನ್ ಭಂಡಾರದ ಪ್ರತಿ ಇರುವ ಸರ್ವರ್) ತರುತ್ತದೆ. 1 ಜಿಬಿ ರ‍್ಯಾಮಿನ ಯಂತ್ರದಲ್ಲೂ ನಿರಾಳ. ಸರ್ವರಿನಲ್ಲಿ ಇಳಿಸಿದ ಪ್ಯಾಕೇಜುಗಳನ್ನು ಕೂಡಿಟ್ಟು ಕೊಡುವ ಆಪ್ಟ್-ಕ್ಯಾಚರ್-ಎನ್‌ಜಿ ಇಟ್ಟು, ಪ್ರಾಕ್ಸಿ ಸಾಲಿನಲ್ಲಿ ಅದರ 3142 ಪೋರ್ಟ್ ಕೊಟ್ಟರೆ ಎರಡನೇ ಯಂತ್ರದಿಂದಾಚೆಗೆ ಇಂಟರ್ನೆಟ್ ಹೊರೆ ಬಹುತೇಕ ಇಲ್ಲ.

ಇದರ ಕೆಟ್ಟ ಗುಣವೆಂದರೆ ತಪ್ಪನ್ನು ತಪ್ಪೆನ್ನದೆ ಪ್ರಶ್ನೆಯಾಗಿ ಕೇಳುವುದು. ಉತ್ತರ ಹೊಂದದಿದ್ದರೆ ಯಾವುದೋ ಪರದೆಯಲ್ಲಿ ಸುಮ್ಮನೆ ಕಾಯುತ್ತ ನಿಲ್ಲುತ್ತದೆ. ಮುಖ್ಯ ಕಾರಣ ಒಂದು ಖಾಲಿ ಜಾಗ. ಪ್ರೀಸೀಡಿನ ಪ್ರತಿ ಸಾಲು ‘ಒಡೆಯ, ಪ್ರಶ್ನೆ, ಬಗೆ, ಉತ್ತರ’ ಎಂಬ ಕ್ರಮದಲ್ಲಿದೆ. ಬಗೆಗೂ ಉತ್ತರಕ್ಕೂ ನಡುವೆ ಸರಿಯಾಗಿ ಒಂದೇ ಖಾಲಿ ಜಾಗ ಇರಬೇಕು. ಸಾಲುಗಳು ಅಂದವಾಗಿ ಕಾಣಲಿ ಎಂದು ಟ್ಯಾಬ್ ಒತ್ತಿ ಜೋಡಿಸಿದರೆ ಹೆಚ್ಚುವರಿ ಜಾಗ ಉತ್ತರದ ಭಾಗವೇ ಆಗುತ್ತದೆ. ಡಿಸ್ಕ್ ಹಂಚಿಕೆಯ ಆಯ್ಕೆ ‘ಎಲ್‌ವಿಎಂ’ ಎಂಬುದು ‘ ಎಲ್‌ವಿಎಂ’ ಆಗಿ ಯಾವ ಆಯ್ಕೆಗೂ ಹೊಂದುವುದಿಲ್ಲ. ‘ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್’ ಅನ್ನು ‘-ಸಿ’ ಜೊತೆ ಓಡಿಸಿದರೆ ಸಾಲಿನ ರಚನೆಯ ತಪ್ಪು ಸಿಗುತ್ತದೆ, ಈ ಹೆಚ್ಚುವರಿ ಜಾಗವನ್ನು ಮಾತ್ರ ಕಣ್ಣಿಟ್ಟೇ ಹುಡುಕಬೇಕು.

ಇನ್ನೊಂದು, ಫೈಲು ನೆಟ್‌ವರ್ಕಿನಿಂದ ಬರಬೇಕಾದ್ದರಿಂದ ನೆಟ್‌ವರ್ಕ್ ಕುರಿತ ಉತ್ತರಗಳನ್ನು ಆ ಫೈಲಿನೊಳಗೆ ಬರೆದರೆ ಉಪಯೋಗವಿಲ್ಲ. ಯಾವ ಕಾರ್ಡು, ಎಷ್ಟು ಹೊತ್ತು ಕಾಯಬೇಕು, ಯಂತ್ರದ ಹೆಸರೇನು ಎಂಬುದೆಲ್ಲ ಕರ್ನಲ್ ಸಾಲಿನಲ್ಲೇ ಇರಲಿ, ಜೊತೆಗೆ ‘ಆಟೋ=ಟ್ರೂ ಪ್ರಯಾರಿಟಿ=ಕ್ರಿಟಿಕಲ್’. ಲಿಂಕ್‌ಗಾಗಿ ಇದು ತಾನಾಗಿ ಕಾಯುವುದು 3 ಸೆಕೆಂಡು ಮಾತ್ರ. ‘ಲಿಂಕ್ ವೇಯ್ಟ್ ಟೈಮೌಟ್’ 10, ‘ಡಿಎಚ್‌ಸಿಪಿ ಟೈಮೌಟ್’ 60 ಎಂದು ಕೊಟ್ಟರೆ ನಿಧಾನದ ಸ್ವಿಚ್ಚಿನಲ್ಲೂ ಬಚಾವು.

ನಿನ್ನೆವರೆಗೆ ಓಡುತ್ತಿದ್ದದ್ದು ಇಂದು ‘ನೋ ಕರ್ನಲ್ ಮಾಡ್ಯೂಲ್ಸ್ ವರ್ ಫೌಂಡ್’ ಎಂದರೆ ಗಾಬರಿ ಬೇಡ. ಡೆಬಿಯನ್‌ನ ಹೊಸ ಉಪ-ಆವೃತ್ತಿ ಬಂದು ಮಿರರಿನಲ್ಲಿ ಕರ್ನಲ್ ಬದಲಾಗಿದೆ, ನಿಮ್ಮ ಟಿಎಫ್‌ಟಿಪಿ ಫೋಲ್ಡರಿನಲ್ಲಿ ಹಳೆಯದೇ ಇದೆ. ಹೊಸ ನೆಟ್‌ಬೂಟ್ ಕಟ್ಟನ್ನು ಇಳಿಸಿ ಬಿಚ್ಚಿದರೆ ಸರಿಹೋಯಿತು. ನೆಟ್‌ವರ್ಕ್ ಕಾರ್ಡಿಗೆ ಅದರದೇ ಫರ್ಮ್‌ವೇರ್ ಫೈಲು ಬೇಕೆಂದರೆ, ಡೆಬಿಯನ್ 12ರ ಡಿಸ್ಕ್ ಇಮೇಜಿನಲ್ಲಿ ಅದು ಸೇರಿದ್ದರೂ ನೆಟ್‌ಬೂಟ್ ಇನಿಟ್‌ಆರ್‌ಡಿಯಲ್ಲಿಲ್ಲ, ‘ಫರ್ಮ್‌ವೇರ್.ಸಿಪಿಐಒ.ಜಿಝಡ್’ ಫೈಲನ್ನು ಕ್ಯಾಟ್ ಕಮಾಂಡಿನಿಂದ ಇನಿಟ್‌ಆರ್‌ಡಿಯ ಬಾಲಕ್ಕೆ ಅಂಟಿಸಬೇಕು. ಲಾಗು ಆಲ್ಟ್-ಎಫ್4ರಲ್ಲಿ. ಎಲ್ಲವೂ ಒಂದೇ ಲಾಗಿನಲ್ಲಿ ಹರಿಯುವುದರಿಂದ ಕಿಕ್‌ಸ್ಟಾರ್ಟ್‌ನಷ್ಟು ಸಲೀಸಿಲ್ಲ.

ಕನ್ನಡ ಕೀಲಿಮಣೆ ಬೇಕಿರುವ ಲ್ಯಾಬಿಗೆ ಒಂದು ಮಾತು, ಇದು ಮೂರಕ್ಕೂ ಸಲ್ಲುತ್ತದೆ. ವಿನ್ಯಾಸದ ಪಟ್ಟಿಯಲ್ಲಿ ‘ಯುಎಸ್’ ಮೊದಲು, ಕಗಪ ಎರಡನೆಯದು. ಕನ್ನಡವೊಂದನ್ನೇ ಹಾಕಿದರೆ ಇಂಗ್ಲಿಷ್ ಪಾಸ್‌ವರ್ಡ್ ಒತ್ತಲಾಗದೆ ಲಾಗಿನ್ ಪರದೆಯಲ್ಲೇ ಎಲ್ಲರೂ ನಿಲ್ಲುತ್ತಾರೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ, ಪ್ಯಾಕೇಜ್ ಪಟ್ಟಿಗೆ ಸೇರಿಸಿದರೆ ಆಯಿತು.

ಆಟೋಇನ್‌ಸ್ಟಾಲ್

ಬರೆಯುವ ರೀತಿಯಲ್ಲಿ ಇದು ಮೂರರಲ್ಲಿ ಅಚ್ಚುಕಟ್ಟು. ಇದರ ಫೈಲಿನ ಬರಹ ಶೈಲಿಯಾದ ಯಾಮಲ್ ಓದಲು ಹಿತ, ಡಿಸ್ಕಿಗೆ ‘ಅತಿ ದೊಡ್ಡದನ್ನು ಹಿಡಿ’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಎಸ್‌ಡಿಎ, ಎನ್‌ವಿಎಂಇ ಎಂದು ಬೇರೆ ಬೇರೆ ಹೆಸರಿನ ಡಿಸ್ಕುಗಳು ಬೆರೆತ ಲ್ಯಾಬಿಗೆ ಇದು ನಿಜವಾದ ವರ. ಪ್ರೀಸೀಡಿನಲ್ಲಿ ‘ಪಾರ್ಟ್‌ಮ್ಯಾನ್ ಅರ್ಲಿ ಕಮಾಂಡ್’ ಬರೆದು, ಕಿಕ್‌ಸ್ಟಾರ್ಟಿನಲ್ಲಿ ‘%ಪ್ರೀ’ ಸ್ಕ್ರಿಪ್ಟ್ ಬರೆದು ಇದೇ ಕೆಲಸವನ್ನು ಮಾಡಿಸಬೇಕು.

ಆದರೆ ಅಷ್ಟು ದೂರ ತಲುಪುವುದೇ ಕಷ್ಟ. ಇಡೀ ಸರ್ವರ್ ಐಎಸ್‌ಒ (ಡಿಸ್ಕ್ ಇಮೇಜ್), ಅಂದರೆ ಸುಮಾರು 2.6 ಜಿಬಿ, ಮೊದಲು ರ‍್ಯಾಮಿಗೆ ಬರಬೇಕು. ರ‍್ಯಾಮಿನಲ್ಲಿ ಕಟ್ಟುವ ಫೈಲ್ ವ್ಯವಸ್ಥೆಗೆ ಅರ್ಧ ಮಿತಿ ಇರುವುದರಿಂದ 4 ಜಿಬಿ ಯಂತ್ರದಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಹಿಂದೆಯೇ ‘ಅನೇಬಲ್ ಟು ಫೈಂಡ್ ಎ ಲೈವ್ ಫೈಲ್ ಸಿಸ್ಟಂ ಆನ್ ದ ನೆಟ್‌ವರ್ಕ್’ ಬರುತ್ತದೆ. ನೆಟ್‌ವರ್ಕಿನ ತಪ್ಪೆಂದು ಕಾಣುವ ಈ ಸಾಲಿಗೆ ಕಾರಣ ರ‍್ಯಾಮ್. 8 ಜಿಬಿ ಇರಲಿ, ಇಲ್ಲವೇ ಐಎಸ್‌ಒ ಬಿಚ್ಚಿ ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಮೂಲಕ ಕೊಡಿ. ಹೊರೆಯನ್ನೂ ಲೆಕ್ಕ ಹಾಕಿ: 30 ಯಂತ್ರಕ್ಕೆ 78 ಜಿಬಿ, ಸೆಕೆಂಡಿಗೆ 110 ಎಂಬಿ ಹೋಗುವ ಗಿಗಾಬಿಟ್ ತಂತಿಯಲ್ಲಿ ಬರಿಯ ಐಎಸ್‌ಒಗೇ 12 ನಿಮಿಷ. ಕರ್ನಲ್ ಸಾಲಿನ ‘ಯುಆರ್‌ಎಲ್=’ ಅನ್ನು ಆಟೋಇನ್‌ಸ್ಟಾಲ್ ಫೈಲನ್ನು ತರುವ ಕ್ಲೌಡ್-ಇನಿಟ್ ತನಗೆ ಕೊಟ್ಟದ್ದೆಂದು ತಿಳಿದು ಅದೇ ಐಎಸ್‌ಒವನ್ನು ಇನ್ನೊಮ್ಮೆ ಎಳೆಯಲು ಹೋಗುತ್ತದೆ. ‘ಕ್ಲೌಡ್-ಕಾನ್ಫಿಗ್-ಯುಆರ್‌ಎಲ್=/ಡೆವ್/ನಲ್’ ಸೇರಿಸಿ ತಡೆಯಿರಿ.

ಇನ್ನು ಅರ್ಧವಿರಾಮ. ‘ಡಿಎಸ್=ನೋಕ್ಲೌಡ್-ನೆಟ್;ಎಸ್=’ ಎಂದು ವಿಳಾಸ ಕೊಡಬೇಕು. ಗ್ರಬ್‌ಗೆ ಆ ‘;’ ಎಂದರೆ ಕಮಾಂಡ್ ಮುಗಿಯಿತು ಎಂದರ್ಥ. ಅಲ್ಲಿಗೇ ಸಾಲು ಕತ್ತರಿಸಿ ಕರ್ನಲ್‌ಗೆ ಅರ್ಧವನ್ನಷ್ಟೇ ಕೊಡುತ್ತದೆ, ಇನ್‌ಸ್ಟಾಲರ್ ಭಾಷೆ ಕೇಳುತ್ತ ಕೂರುತ್ತದೆ. ಇಡೀ ತುಂಡನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಶೆಲ್‌ಗೆ ಹೋಗಿ ‘/ಪ್ರೋಕ್/ಸಿಎಂಡಿಲೈನ್’ ಓದಿದರೆ ಕತ್ತರಿಸಿದ್ದು ಕಣ್ಣಿಗೇ ಕಾಣುತ್ತದೆ. ವಿಳಾಸದ ಕೊನೆಗೆ ಓರೆಗೆರೆ ಬೇಕು, ಉತ್ತರಗಳಿರುವ ‘ಯೂಸರ್-ಡೇಟಾ’ ಪಕ್ಕದಲ್ಲಿ ಖಾಲಿಯಾದರೂ ಒಂದು ‘ಮೆಟಾ-ಡೇಟಾ’ ಫೈಲು ಬೇಕು, ಮೊದಲ ಸಾಲು ‘#ಕ್ಲೌಡ್-ಕಾನ್ಫಿಗ್’ ಆಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಲಕ್ಷಣ ಒಂದೇ: ಮತ್ತೆ ಭಾಷೆ ಕೇಳುವ ಪರದೆ. ಕೊನೆಯ ಸ್ಥಾನ ಕೊಟ್ಟದ್ದು ಇದಕ್ಕೇ. ಸರ್ವರಿನ ಆಕ್ಸೆಸ್ ಲಾಗಿನಲ್ಲಿ ಯಾವ ಫೈಲು ಕೇಳಿತು, ಯಾವುದು ಕೇಳಲಿಲ್ಲ ಎಂದು ನೋಡುವುದೇ ಇಲ್ಲಿ ಹತ್ತಿರದ ದಾರಿ. ಎಲ್‌ವಿಎಂ ಹಾಕಿದರೆ ‘ಸೈಜಿಂಗ್-ಪಾಲಿಸಿ: ಆಲ್’ ಮರೆಯಬೇಡಿ, ಇಲ್ಲದಿದ್ದರೆ 500 ಜಿಬಿ ಡಿಸ್ಕಿನಲ್ಲಿ ರೂಟ್ ವಿಭಾಗಕ್ಕೆ 100 ಜಿಬಿ ಮಾತ್ರ ಸಿಗುತ್ತದೆ.

ಮುಗಿದ ಮೇಲೆ ಮತ್ತೆ ಶುರುವಾಗುವುದು

ನೆಟ್‌ವರ್ಕ್ ಬೂಟ್ ಮೊದಲಿರುವ ಯಂತ್ರ ಮುಗಿಸಿ ರೀಬೂಟ್ ಆದೊಡನೆ ಮತ್ತೆ ಸರ್ವರಿಗೆ ಹೋಗಿ ಡಿಸ್ಕ್ ಅಳಿಸಿ ಮೊದಲಿನಿಂದ ಹಾಕುತ್ತದೆ. ಮೂರಕ್ಕೂ ಮದ್ದು ಒಂದೇ: ಸಾಮಾನ್ಯ ಮೆನು ಡಿಸ್ಕಿನಿಂದಲೇ ಬೂಟ್ ಮಾಡಲಿ, ಹಾಕಬೇಕಾದ ಯಂತ್ರಕ್ಕೆ ಮಾತ್ರ ಅದರ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹೆಸರಲ್ಲಿ ಬೇರೆ ಫೈಲು ಇಡಿ. ಪಿಎಕ್ಸ್‌ಇಲಿನಕ್ಸ್‌ನಲ್ಲಿ ಆ ಹೆಸರು 01 ರಿಂದ ಶುರುವಾಗಿ, ಸಣ್ಣಕ್ಷರದಲ್ಲಿ, ಅಡ್ಡಗೆರೆಗಳಿಂದ ಕೂಡಿರಬೇಕು. ಕೊನೆಯ ಸ್ಕ್ರಿಪ್ಟಿನಿಂದ ಸರ್ವರಿಗೆ ಒಂದು ಎಚ್‌ಟಿಟಿಪಿ ಕರೆ ಮಾಡಿಸಿ ಆ ಫೈಲನ್ನು ಅಳಿಸಿ. ಇದಕ್ಕೆ ಪ್ರೀಸೀಡಿನಲ್ಲಿ ‘ಲೇಟ್ ಕಮಾಂಡ್’, ಕಿಕ್‌ಸ್ಟಾರ್ಟಿನಲ್ಲಿ ‘%ಪೋಸ್ಟ್’, ಆಟೋಇನ್‌ಸ್ಟಾಲಿನಲ್ಲಿ ‘ಲೇಟ್-ಕಮಾಂಡ್ಸ್’. ಯಾವ ಯಂತ್ರದ ಕರೆ ಎಂಬುದನ್ನು ಐಪಿಯಿಂದ ಗುರುತಿಸಬೇಡಿ. ಉಬುಂಟುವಿನ ಇನ್‌ಸ್ಟಾಲರ್ ಡಿಎಚ್‌ಸಿಪಿಗೆ ಮ್ಯಾಕ್ ಬದಲು ತನ್ನದೇ ಗುರುತು ಕೊಡುವುದರಿಂದ ಫರ್ಮ್‌ವೇರಿಗೆ ಸಿಕ್ಕ ಐಪಿಯೇ ಅದಕ್ಕೂ ಸಿಗುತ್ತದೆಂಬ ಖಾತ್ರಿಯಿಲ್ಲ. ಕರೆಯ ವಿಳಾಸದೊಳಗೇ ಮ್ಯಾಕ್ ಸೇರಿಸಿ ಕಳಿಸಿ.