ಹೆರಿಗೆಗೆ ತವರಿಗೆ ಹೊರಟಿದ್ದೀರಾ? ಮೊದಲ ಸ್ಕ್ಯಾನ್ ರಿಪೋರ್ಟ್ ಬಿಟ್ಟು ಹೋಗಬೇಡಿ

ಸೀಮಂತದ ಸೀರೆ, ಹಸಿರು ಬಳೆ, ಕೂಸಿಗೆಂದು ಒಗೆದು ಮಡಿಸಿದ ಹಳೇ ಪಂಚೆ, ಎಲ್ಲವೂ ಬ್ಯಾಗು ಸೇರುತ್ತವೆ. ಮೊದಲ ಮೂರು ತಿಂಗಳ ಫೈಲು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಅದರಿಂದ ಏನಾಗುತ್ತದೆ ಅನ್ನುವುದಕ್ಕೆ ಇದೊಂದು ಪ್ರಕರಣ. ಹೆಸರು, ಊರು, ಆಸ್ಪತ್ರೆ ಬೇಡ. ಇಂಥದ್ದು ಎಲ್ಲಿ ಬೇಕಾದರೂ ಆಗಬಹುದು.

ಆಕೆಗೆ ಮುಟ್ಟು ಬರುತ್ತಿದ್ದುದು 38 ದಿನಕ್ಕೊಮ್ಮೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ಡೇಟ್ ಹೇಳುತ್ತಾರಲ್ಲ, ಆ ಲೆಕ್ಕ ಸರಿಹೋಗುವುದು 28 ದಿನದ ಚಕ್ರಕ್ಕೆ. 12ನೇ ವಾರದ ಸ್ಕ್ಯಾನಿನಲ್ಲಿ ಮಗು ಆ ಲೆಕ್ಕಕ್ಕಿಂತ 10 ದಿನ ಚಿಕ್ಕದಿತ್ತು. ಅಲ್ಲಿನ ಡಾಕ್ಟರು ಡೇಟನ್ನು 10 ದಿನ ಮುಂದೆ ಹಾಕಿ ಬರೆದಿದ್ದರು. ಸರಿಯಾಗಿಯೇ ಮಾಡಿದ್ದರು. ಆದರೆ ಆ ಹಾಳೆ ತವರಿಗೆ ಬರಲಿಲ್ಲ.

ತವರೂರಿನ ನರ್ಸಿಂಗ್ ಹೋಮಿನಲ್ಲಿ ಮುಟ್ಟಿನ ತಾರೀಕು ಕೇಳಿ ಹಳೆಯ ಡೇಟನ್ನೇ ಬರೆದುಕೊಂಡರು. ಹೊಸ ಸ್ಕ್ಯಾನಿನಲ್ಲಿ ಮಗು ಚಿಕ್ಕದಾಗಿ ಕಂಡಿತು. ಕಾಣಲೇಬೇಕು, 10 ದಿನ ಎಳೆಯದಲ್ಲವೇ? ಅದಕ್ಕೆ ‘ಬೆಳವಣಿಗೆ ಹಿಂದಿದೆ’ ಎಂದು ಬರೆಯಲಾಯಿತು. ಜೊತೆಗೆ ಮಗುವಿನ ಸುತ್ತಲಿನ ನೀರಿನ ಅಳತೆ 7 ಸೆಂ.ಮೀ., ಕೊರಳಿಗೆ ಕರುಳು (ಹೊಕ್ಕುಳಬಳ್ಳಿ) ಒಂದು ಸುತ್ತು. ಮನೆಯವರು ನಡುಗಿಹೋದರು.

ಈ ಎರಡನ್ನು ಬಿಡಿಸಿ ನೋಡಬೇಕು. ನಾಲ್ಕು ಕಡೆಯ ನೀರು ಕೂಡಿಸಿದ ಅಳತೆ 5 ಸೆಂ.ಮೀ.ಗಿಂತ ಕೆಳಗೆ ಹೋದರೆ ನೀರು ಕಡಿಮೆ ಎನ್ನುತ್ತಾರೆ. ಒಂದೇ ಆಳವಾದ ಜಾಗ ಅಳೆದರೆ 2 ಸೆಂ.ಮೀ. ಗಡಿ. 7 ಅಂದರೆ ಮತ್ತೆ ನೋಡುತ್ತಿರಬೇಕಾದ ಸಂಖ್ಯೆ, ಅಷ್ಟೇ. ಕೊರಳಿಗೆ ಕರುಳು ಸುತ್ತಿಕೊಂಡೇ ಹುಟ್ಟುವ ಮಕ್ಕಳು ಐದರಲ್ಲಿ ಒಬ್ಬರಾದರೂ ಇರುತ್ತಾರೆ. ಮಗು ಹೊಟ್ಟೆಯಲ್ಲಿ ಉಸಿರಾಡುವುದು ಮೂಗಿನಿಂದಲ್ಲ, ಹಾಗಾಗಿ ಸುತ್ತಿದ ಮಾತ್ರಕ್ಕೆ ಉಸಿರು ಕಟ್ಟುವುದಿಲ್ಲ. ನೋವಿನ ಹೊತ್ತಿನಲ್ಲಿ ಎದೆಬಡಿತ ಕೇಳುತ್ತಿದ್ದರೆ ಸಾಕು. ಬರೀ ಅದೊಂದೇ ಸಿಸೇರಿಯನ್‌ಗೆ ಕಾರಣವಲ್ಲ.

ಹಳೇ ಲೆಕ್ಕದಲ್ಲಿ 40 ವಾರ 2 ದಿನ ಆದಾಗ ‘ಡೇಟ್ ಮುಗೀತು, ರಿಸ್ಕ್ ತಗೊಳ್ಳಲ್ಲ’ ಎಂದು ಅಡ್ಮಿಟ್ ಮಾಡಿಕೊಂಡರು. ನಿಜವಾಗಿ ಅಂದು ತುಂಬಿದ್ದು 38 ವಾರ 6 ದಿನ. ಮನೆಯ ಹಿರಿಯರು ‘ನಕ್ಷತ್ರಾನೂ ಚೆನ್ನಾಗಿದೆ’ ಅಂದರು. ಗರ್ಭಕೋಶದ ಬಾಯಿ ಮುಚ್ಚಿತ್ತು, ಗಟ್ಟಿಯಿತ್ತು, ಬಿಷಪ್ ಸ್ಕೋರ್ 2. ಬಾಯಿ ಹೆರಿಗೆಗೆ ಎಷ್ಟು ಮಾಗಿದೆ ಎಂದು ಅಳೆಯುವ ಈ ಸ್ಕೋರು 13ಕ್ಕೆ ಲೆಕ್ಕ. 6ರ ಒಳಗಿದ್ದರೆ ಬಾಯಿ ಇನ್ನೂ ಮಾಗಿಲ್ಲ ಎಂದರ್ಥ. ರಾತ್ರಿ 10ಕ್ಕೆ ಬಾಯಿ ಮಾಗಿಸುವ ಜೆಲ್, ಬೆಳಗಿನ ಜಾವ 4ಕ್ಕೆ ಇನ್ನೊಂದು, 10ಕ್ಕೆ ನೋವಿನ ಡ್ರಿಪ್. ಸಂಜೆ 5ಕ್ಕೆ ಬಾಯಿ 3 ಸೆಂ.ಮೀ. ತೆರೆದಿತ್ತು. ‘ಮುಂದುವರೀತಿಲ್ಲ’ ಎಂದು ಆಪರೇಷನ್.

ಮಾಗದ ಬಾಯಿಯನ್ನು ಮಾಗಿಸುವುದಕ್ಕೇ ಒಂದು ದಿನ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಯಂತೆ ಹೆರಿಗೆ ನೋವು ಬಿರುಸಾಗುವ ಹಂತ ಶುರುವಾಗುವುದೇ 5 ಸೆಂ.ಮೀ.ಗೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾಗ 3 ಸೆಂ.ಮೀ.ಗೆ ‘ಮುಂದುವರಿಯುತ್ತಿಲ್ಲ’ ಎನ್ನುವುದು, ಅಕ್ಕಿ ಹಾಕಿದ ಕೂಡಲೇ ಅನ್ನ ಬೇಯಲಿಲ್ಲ ಅಂದ ಹಾಗೆ.

ತಾಯಿ ಮಗು ಕ್ಷೇಮ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಗರ್ಭಕೋಶದ ಮೇಲೊಂದು ಗಾಯದ ಗೆರೆ ಉಳಿಯಿತು.

ಹಾಗಾಗಿ 11ರಿಂದ 13 ವಾರದೊಳಗಿನ ಸ್ಕ್ಯಾನ್ ರಿಪೋರ್ಟನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮೂಲ ಪ್ರತಿಯನ್ನು ತಾಯಿ ಕಾರ್ಡಿನೊಳಗೆ ಸೇರಿಸಿ. ಹೊಸ ಡಾಕ್ಟರ ಮುಂದೆ ಮೊದಲು ಇಡಬೇಕಾದ್ದು ಅದೇ. ಕೊನೇ ತಿಂಗಳ ಸ್ಕ್ಯಾನ್ ನೋಡಿ ಡೇಟ್ ಬದಲಿಸಿದರೆ ಒಪ್ಪಬೇಡಿ; ಆ ಹೊತ್ತಿಗೆ ದಿನದ ಅಂದಾಜು ಮೂರು ವಾರದಷ್ಟು ತಪ್ಪಬಹುದು. ನೋವು ಬರಿಸೋಣ ಅಂದರೆ ಕೇಳಿ: ‘ಡಾಕ್ಟ್ರೇ, ಮೊದಲ ಸ್ಕ್ಯಾನ್ ಪ್ರಕಾರ ಇವತ್ತಿಗೆ ಎಷ್ಟು ವಾರ? ಬಿಷಪ್ ಸ್ಕೋರ್ ಎಷ್ಟಿದೆ? ಇನ್ನೆರಡು ದಿನ ಕಾದರೆ ಏನನ್ನು ನೋಡಿಕೊಳ್ಳಬೇಕು?’ ಬೇರೆ ತೊಂದರೆ ಇಲ್ಲದಿದ್ದರೆ, ದಿನ ಮೀರಿತು ಎಂಬ ಕಾರಣಕ್ಕೆ ನೋವು ಬರಿಸಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದು 41 ವಾರ ತುಂಬಿದ ಮೇಲೆ. ಇದನ್ನೆಲ್ಲ ಮಾತಾಡಬೇಕಾದ್ದು 34–36ನೇ ವಾರದಲ್ಲಿ, ಡ್ರಿಪ್ ಹಾಕಿದ ಮೇಲಲ್ಲ.

ಆದರೆ ಬಿಪಿ 140/90 ದಾಟಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಹೋದರೆ, ಒಡೆದ ನೀರು ಹಸಿರಾಗಿದ್ದರೆ ವಾದ ಬೇಡ, ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಿನಲ್ಲಿ ಸಿಸೇರಿಯನ್ನೇ ಜೀವ ಉಳಿಸುತ್ತದೆ.

ಆಪರೇಷನ್ ಆಗಿಹೋಗಿದ್ದರೂ ಕಾಗದ ಬಿಡಬೇಡಿ. ಡಿಸ್ಚಾರ್ಜ್ ಸಮರಿಯಲ್ಲಿ ಯಾಕೆ ಕೊಯ್ದರು, ಆಗ ಬಾಯಿ ಎಷ್ಟು ಸೆಂ.ಮೀ. ತೆರೆದಿತ್ತು, ಗರ್ಭಕೋಶದ ಮೇಲಿನ ಕೊಯ್ತ ಕೆಳಭಾಗದಲ್ಲಿ ಅಡ್ಡಕ್ಕೆ ಇದೆಯೇ ಎಂಬುದು ಇರಬೇಕು. ಚರ್ಮದ ಹೊಲಿಗೆ ನೋಡಿ ಒಳಗಿನದು ಗೊತ್ತಾಗುವುದಿಲ್ಲ. ಮುಂದಿನ ಸಲ ಮಾಮೂಲಿ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ಡಾಕ್ಟರು ಮೊದಲು ಹುಡುಕುವುದು ಈ ಸಾಲನ್ನೇ. ಬರೆದಿಲ್ಲದಿದ್ದರೆ ಕೇಸ್ ಶೀಟಿನ ಪ್ರತಿ ಬೇಕೆಂದು ಅರ್ಜಿ ಕೊಡಿ. 2002ರ ವೈದ್ಯಕೀಯ ನಡತೆಯ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು.