ಮುಂಬಯಿ ಲೋಕಲ್ ಮತ್ತು ಅದರ ತೆರೆದ ಬಾಗಿಲು

ಮುಂಬಯಿಯ ಲೋಕಲ್ ರೈಲನ್ನು ಹೊಗಳುವವರು ಸಾಮಾನ್ಯವಾಗಿ ಅದರ ದರವನ್ನೇ ಮುಂದಿಡುತ್ತಾರೆ. ಎರಡನೇ ದರ್ಜೆಯ ಕನಿಷ್ಠ ಟಿಕೆಟ್ಟಿಗೆ 5 ರೂಪಾಯಿ. ದಟ್ಟಣೆಯ ಹೊತ್ತಿನಲ್ಲಿ ಕೆಲವೇ ನಿಮಿಷಗಳಿಗೊಂದು ಗಾಡಿ. ಹೋಟೆಲುಗಳಲ್ಲಿ ದುಡಿಯಲು ಕರಾವಳಿಯಿಂದ ಬಂದ ಕನ್ನಡಿಗರೂ ಸೇರಿದಂತೆ ಲಕ್ಷಾಂತರ ಜನ ಊರಾಚೆ ಮನೆ ಮಾಡಿ ಊರೊಳಗೆ ದುಡಿಯಲು ಸಾಧ್ಯವಾಗಿರುವುದು ಇದರಿಂದಲೇ. ಆದರೂ ಈ ಸೇವೆಯ ಗುಣವೂ ದೋಷವೂ ಸ್ಪಷ್ಟವಾಗಿ ಗೊತ್ತಾಗುವುದು ಅದರ ಬಾಗಿಲಲ್ಲಿ ಎಂಬುದು ನನ್ನ ಅಭಿಪ್ರಾಯ.

ಗಾಡಿ ನಿಲ್ದಾಣದಲ್ಲಿ ನಿಲ್ಲುವುದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರಲ್ಲಿ ಇಳಿಯುವವರು ಇಳಿದು ಹತ್ತುವವರು ಹತ್ತಬೇಕಾದ್ದರಿಂದ, ದಾದರಿನಲ್ಲಿ ಇಳಿಯಬೇಕಾದವರು ಎರಡು ನಿಲ್ದಾಣ ಮೊದಲೇ ಎದ್ದು, ಮುಂದೆ ನಿಂತವರನ್ನು "ದಾದರ್?" ಎಂದು ಕೇಳಿಕೊಳ್ಳುತ್ತಾ, ಹೌದೆಂದವರ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಯಾರೂ ಬರೆದಿಡದ ಈ ವ್ಯವಸ್ಥೆಯನ್ನು ಪ್ರಯಾಣಿಕರೇ ಕಟ್ಟಿಕೊಂಡಿದ್ದಾರೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಅಂಚು ಬಿಟ್ಟುಕೊಡುವ ರೂಢಿಯೂ ಅವರದೇ. ಈ ಶಿಸ್ತನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಸಂಜೆ ವಿರಾರ್ ಫಾಸ್ಟ್, ಅಂದರೆ ಕೆಲವೇ ನಿಲ್ದಾಣಗಳಲ್ಲಿ ನಿಂತು ದೂರದ ವಿರಾರಿಗೆ ಹೋಗುವ ಗಾಡಿ, ಹತ್ತಿ ನಡುವಿನ ಅಂಧೇರಿಯಲ್ಲಿ ಇಳಿಯಬಯಸುವ ಹೊಸಬರಿಗೆ ಅದೇ ಗುಂಪು ಗೋಡೆಯಾಗಿಬಿಡುವುದೂ ಉಂಟು.

ಜನ ಬಾಗಿಲಲ್ಲಿ ಜೋತಾಡುವುದನ್ನು ಹುಂಬತನವೆನ್ನುವುದು ಅರ್ಧ ಸತ್ಯ ಮಾತ್ರ. ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಉಸಿರಾಡಲು ಗಾಳಿ ಬರುವುದೂ ಬಹುಪಾಲು ಆ ಬಾಗಿಲಿನಿಂದಲೇ. 2025ರ ಜೂನ್ 9ರಂದು ಮುಂಬ್ರಾ ನಿಲ್ದಾಣದ ಬಳಿಯ ತಿರುವಿನಲ್ಲಿ ಬಾಗಿಲಲ್ಲಿದ್ದವರು ಬಿದ್ದು ಸತ್ತ ಮೇಲೆ, ಏಸಿಯಿಲ್ಲದ ಹೊಸ ಸಾಮಾನ್ಯ ಗಾಡಿಗಳಿಗೂ ತಾನಾಗಿ ಮುಚ್ಚುವ ಬಾಗಿಲು ಅಳವಡಿಸುವುದಾಗಿ ರೈಲ್ವೆ ಪ್ರಕಟಿಸಿತು. ಬಾಗಿಲಿನಲ್ಲಿ ಗಾಳಿಯಾಡಲು ಸಂದು ಬಿಟ್ಟ ಪಟ್ಟಿಗಳು, ಚಾವಣಿಯ ಮೇಲೆ ಗಾಳಿ ತಳ್ಳುವ ಯಂತ್ರ, ಡಬ್ಬಿಯಿಂದ ಡಬ್ಬಿಗೆ ನಡೆದುಹೋಗುವ ದಾರಿ ಈ ಯೋಜನೆಯಲ್ಲಿವೆ. ಇವುಗಳಲ್ಲಿ ಕೊನೆಯದೇ ಅತಿ ಮುಖ್ಯವೆನಿಸುತ್ತದೆ, ಏಕೆಂದರೆ ಈಗ ಒಂದು ಡಬ್ಬಿಯ ನೂಕುನುಗ್ಗಲು ಪಕ್ಕದ ಡಬ್ಬಿಗೆ ಹಂಚಿಹೋಗುವ ಮಾರ್ಗವೇ ಇಲ್ಲ.

ಬಾಗಿಲು ಮುಚ್ಚುವ ಏಸಿ ಲೋಕಲ್ 2017ರ ಡಿಸೆಂಬರ್ 25ರಿಂದಲೇ ಪಶ್ಚಿಮ ಮಾರ್ಗದಲ್ಲಿ ಓಡುತ್ತಿದೆ. 2022ರಲ್ಲಿ ಅದರ ಟಿಕೆಟ್ ದರವನ್ನು ಅರ್ಧಕ್ಕಿಳಿಸಿದ್ದು ಸರಿಯಾದ ನಿರ್ಧಾರ. ಆದರೂ ದಿನಗೂಲಿಯವರ ಕೈಗೆ ಅದಿನ್ನೂ ದುಬಾರಿ. ಸುರಕ್ಷಿತವಾದ ಬಾಗಿಲು ಹೆಚ್ಚು ಹಣ ತೆತ್ತವರಿಗಷ್ಟೇ ದೊರೆಯುವುದು ನ್ಯಾಯವಲ್ಲ. ಮಹಿಳೆಯರ ಡಬ್ಬಿಗಳು ಉಪಕಾರಿಯೇ, ಆದರೆ ಸಂಖ್ಯೆ ಸಾಲದು.

ಹೊಸದಾಗಿ ಹೋಗುವವರು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನಗರದ ದಕ್ಷಿಣದ ಕೊನೆಯ ನಿಲ್ದಾಣಗಳಾದ ಚರ್ಚ್‌ಗೇಟ್ ಅಥವಾ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ, ಸಂಜೆ ಅದರ ವಿರುದ್ಧ ದಿಕ್ಕಿಗೆ ಹೊರಡದಿರುವುದು ಒಳಿತು. ಹೊರಡಲೇಬೇಕಾದರೆ ಫಾಸ್ಟ್ ಬಿಟ್ಟು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿ ಹಿಡಿಯಿರಿ. ತಡವಾದರೂ ಇಳಿಯಬೇಕಾದಲ್ಲಿ ಇಳಿಯುತ್ತೀರಿ.