ಸ್ಮಾರ್ಟ್ ಬೋರ್ಡ್, ಫೆಟ್ ಮಾದರಿ, ಸೆಲ್ಲು-ತಂತಿ: ವಿದ್ಯುತ್ ಪಾಠಕ್ಕೆ ಯಾವುದು ಒದಗಿತು?

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರ ಎಂಟನೆಯ ತರಗತಿಯಲ್ಲಿ ವಿದ್ಯುನ್ಮಂಡಲದ ಪಾಠವನ್ನು ನಾನು ಬೇರೆ ಬೇರೆ ವರ್ಷಗಳಲ್ಲಿ ಮೂರು ಬಗೆಯಾಗಿ ನಡೆಸಿದ್ದೇನೆ: ಸ್ಮಾರ್ಟ್ ಬೋರ್ಡಿನ ಮೇಲೆ ವಿಡಿಯೊ ತೋರಿಸಿ, ಕಂಪ್ಯೂಟರ್ ಕೊಠಡಿಯಲ್ಲಿ, ಪರದೆಯ ಮೇಲೆಯೇ ಪ್ರಯೋಗ ಮಾಡಬಹುದಾದ ಫೆಟ್ (PhET) ಎಂಬ ಮಾದರಿಯನ್ನು ಮಕ್ಕಳ ಕೈಗೇ ಕೊಟ್ಟು, ಮತ್ತು ಸೆಲ್ಲು, ತಂತಿ, ಬಲ್ಬುಗಳನ್ನು ಬೆಂಚಿನ ಮೇಲೆ ಹರವಿ. ಮೂರನ್ನೂ ಒಂದೇ ಪ್ರಶ್ನೆಯಿಂದ ತೂಗಿದೆ. ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಎರಡು ಬಲ್ಬುಗಳಿದ್ದರೆ, ಮೊದಲನೆಯದನ್ನು ದಾಟಿದ ಮೇಲೆ ಪ್ರವಾಹ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ. ಆದರೆ ಬಲ್ಬು ಪ್ರವಾಹವನ್ನು ತಿಂದು ಮುಗಿಸುತ್ತದೆಂಬ ನಂಬಿಕೆ ಹಲವು ದೇಶಗಳ ಮಕ್ಕಳಲ್ಲಿ ಆಳವಾಗಿ ಬೇರೂರಿದೆ. ಪರೀಕ್ಷೆಯಲ್ಲಿ ಓಮನ ನಿಯಮವನ್ನು ತಪ್ಪಿಲ್ಲದೆ ಬರೆಯುವವರೂ ಇದಕ್ಕೆ ಹೊರತಲ್ಲ.

ಸ್ಮಾರ್ಟ್ ಬೋರ್ಡಿನ ಪಾಠ ಎಲ್ಲಕ್ಕಿಂತ ಬೇಗ ಮುಗಿಯಿತು. ಪರದೆ ಕಾಣಲೆಂದು ಕಿಟಕಿ ಮುಚ್ಚಿದರೆ ಮಳೆಗಾಲದ ಸೆಕೆ, ತೆರೆದರೆ ಲೋಕಲ್ ರೈಲಿನ ಸದ್ದು. ಹಿಂದಿನ ಸಾಲಿನವರಿಗೆ ಪರದೆಗಿಂತ ಅದರ ಮೇಲಿನ ಹೊಳಪೇ ಹೆಚ್ಚು ಕಾಣುತ್ತಿತ್ತು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪುಸ್ತಕ ಕನ್ನಡದಲ್ಲಿದ್ದರೂ ಬೋರ್ಡಿನೊಂದಿಗೆ ಬಂದ ಪಾಠಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿದ್ದುದರಿಂದ, ನಿಲ್ಲಿಸಿ ನಿಲ್ಲಿಸಿ ವಿವರಿಸುವುದೇ ನನ್ನ ಕೆಲಸವಾಯಿತು. ಮಕ್ಕಳು ಅರ್ಥವಾಯಿತೆಂದು ತಲೆಯಾಡಿಸಿದರು, ಕೆಲವು ದಿನಗಳ ಬಳಿಕ ಕೇಳಿದಾಗ ಬಹುತೇಕರು ಹಳೆಯ ಉತ್ತರವನ್ನೇ ಕೊಟ್ಟರು.

ಫೆಟ್ ಬೇರೆಯೇ ದರ್ಜೆಯದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಮಾದರಿಗಳು ಉಚಿತ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲದ ಹಂಗೂ ಇಲ್ಲ. ವಿದ್ಯುನ್ಮಂಡಲದ ಮಾದರಿಯಲ್ಲಿ 9 ವೋಲ್ಟಿನ ಬ್ಯಾಟರಿಗೆ 10 ಓಮ್ ರೋಧದ (ಪ್ರವಾಹಕ್ಕೆ ಒಡ್ಡುವ ತಡೆ) ಒಂದು ಬಲ್ಬನ್ನು ಜೋಡಿಸಿದರೆ ಪ್ರವಾಹ ಅಳೆಯುವ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಇನ್ನೊಂದು ಬಲ್ಬನ್ನು ಸೇರಿಸಿದರೆ 0.45, ಅದೂ ಮಂಡಲದ ಯಾವ ಜಾಗದಲ್ಲಿ ಅಳೆದರೂ ಅಷ್ಟೇ. ತಂತಿಯೊಳಗಿನ ಎಲೆಕ್ಟ್ರಾನುಗಳು ಎಲ್ಲೆಡೆ ಒಂದೇ ವೇಗದಲ್ಲಿ ಸರಿಯುವುದು ಕಣ್ಣಿಗೇ ಕಾಣುತ್ತದೆ. ಇದನ್ನು ತೋರಿಸಲು ನನ್ನ ಬಳಿ ಬೇರೆ ಯಾವ ಸಾಧನವೂ ಇಲ್ಲ. ಆದರೆ ಅಲ್ಲಿ ಎಲ್ಲವೂ ಹೇಳಿದ ಮಾತು ಕೇಳುತ್ತದೆ, ಅದೇ ಅದರ ಕೊರತೆ. ಎರಡು ಬಲ್ಬುಗಳೂ ಒಂದೇ ಬಗೆಯಾಗಿ ಬೆಳಗುವುದರಿಂದ ಅನುಮಾನಕ್ಕೆ ಎಡೆಯೇ ಇರುವುದಿಲ್ಲ; ಬ್ಯಾಟರಿಯ ಆಂತರಿಕ ರೋಧವನ್ನು ಹೆಚ್ಚಿಸುವ ಸೌಲಭ್ಯವಿದ್ದರೂ, ಶಿಕ್ಷಕರು ಹೇಳದೆ ಯಾರೂ ಅದನ್ನು ಮುಟ್ಟುವುದಿಲ್ಲ.

ಸೆಲ್ಲು-ತಂತಿಯ ಪಾಠ ಮೊದಲಿಗೆ ಶುದ್ಧ ಗೊಂದಲ. ಎಲ್‌ಇಡಿ ಬಂದ ಮೇಲೆ ಹಳೆಯ ಟಾರ್ಚ್ ಬಲ್ಬುಗಳು ಸುಲಭವಾಗಿ ಸಿಗುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ತಂದವು ಒಂದೇ ಗುರುತಿನವಾದರೂ ಒಂದೇ ಗುಣದವಾಗಿರಲಿಲ್ಲ. ಸರಣಿಯಲ್ಲಿ ಜೋಡಿಸಿದಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಬೆಳಗಿತು. 'ನೋಡಿ ಸರ್, ಮೊದಲನೆಯದೇ ತಿಂತು' ಎಂದು ಒಂದು ಗುಂಪು ಗೆದ್ದ ದನಿಯಲ್ಲಿ ಹೇಳಿದಾಗ, ಎದುರಿಗೆ ಕೂತಿದ್ದ ಹುಡುಗಿ ಎರಡು ಬಲ್ಬುಗಳ ಜಾಗವನ್ನು ಅದಲುಬದಲು ಮಾಡಿದಳು. ಹೆಚ್ಚು ಬೆಳಗುತ್ತಿದ್ದುದು ಎರಡನೆಯ ಜಾಗಕ್ಕೆ ಹೋದ ಮೇಲೂ ಹಾಗೆಯೇ ಬೆಳಗಿತು. ವ್ಯತ್ಯಾಸ ಜಾಗದ್ದಲ್ಲ, ಬಲ್ಬಿನದು. ಪ್ರವಾಹ ಸಮವಾಗಿರುವಾಗ ರೋಧ ಹೆಚ್ಚಿರುವುದೇ ಹೆಚ್ಚು ಬೆಳಗುತ್ತದೆ. ಈ ಪ್ರಯೋಗ ಯಾವ ವಿಡಿಯೊದಲ್ಲಿಯೂ ಇರಲಿಲ್ಲ, ನನ್ನ ಪಾಠಯೋಜನೆಯಲ್ಲಿಯೂ ಇರಲಿಲ್ಲ. ಅಮ್ಮೀಟರ್ ಇನ್ನೊಂದು ತಕರಾರು ತೆಗೆಯಿತು: ಎರಡು ಬಲ್ಬುಗಳಾದಾಗ ಪ್ರವಾಹ ಅರ್ಧಕ್ಕೆ ಇಳಿಯಬೇಕಿತ್ತು, ಆದರೆ ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ಬಲ್ಬಿನ ತಂತು ಕಡಿಮೆ ಕಾದಾಗ ಅದರ ರೋಧವೂ ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಎಂಟನೆಯ ತರಗತಿಗೆ ಇದು ಅತಿಯಾಯಿತು ಎನ್ನುವವರಿರಬಹುದು. ಕೇಳಿದವರು ಮಕ್ಕಳೇ ಆದ್ದರಿಂದ ನನಗೆ ಹಾಗೆ ಅನಿಸಲಿಲ್ಲ.

ಆ ಹುಡುಗಿ ಎದುರಿಗೆ ಕೂತಿದ್ದಳು ಎಂಬುದು ಸಣ್ಣ ಸಂಗತಿಯಲ್ಲ. ಸೆಲ್ಲು-ತಂತಿಗಾಗಿ ಬೆಂಚುಗಳನ್ನು ಎದುರುಬದುರು ತಿರುಗಿಸಿದ್ದೆವು. ಸಾಲಾಗಿ ಕೂತಾಗ ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ, ವಾದ ಹೂಡುವುದು ಯಾರೊಂದಿಗೆ? ಇದೇ ಲೆಕ್ಕ ಕಂಪ್ಯೂಟರ್ ಕೊಠಡಿಗೂ ಸಲ್ಲುತ್ತದೆ. ಒಬ್ಬರಿಗೊಂದು ಯಂತ್ರ ಕೊಟ್ಟಾಗ ಮಕ್ಕಳು ಬಲ್ಬುಗಳನ್ನು ರಾಶಿ ಹಾಕಿ ಬ್ಯಾಟರಿಗೆ ಬೆಂಕಿ ಹೊತ್ತಿಸುವ ಆಟಕ್ಕೆ ಇಳಿದರು; ಮೂವರಿಗೊಂದು ಯಂತ್ರವಾದಾಗ, ಮೌಸ್ ಹಿಡಿಯದ ಇಬ್ಬರು ಕಾರಣ ಕೇಳತೊಡಗಿದರು. ಯಂತ್ರಗಳ ಸಂಖ್ಯೆ ತೋರಿಸಿ ಶಾಲೆಯ ಗುಣಮಟ್ಟ ಹೇಳುವ ಪ್ರಕಟಣೆಗಳ ಬಗ್ಗೆ ನನಗೆ ಅಂದಿನಿಂದ ಗೌರವ ಕಡಿಮೆ.

ವರ್ಲಿಯಲ್ಲಿ 1985ರಿಂದ ಇರುವ ನೆಹರೂ ವಿಜ್ಞಾನ ಕೇಂದ್ರವನ್ನು ಈ ಪಂದ್ಯಕ್ಕೆ ಸೇರಿಸುವುದು ನ್ಯಾಯವಲ್ಲ. ಅಲ್ಲಿಗೆ ಹೋದ ಮಕ್ಕಳು ಮುಟ್ಟಿದ್ದನ್ನೆಲ್ಲ ಮರುದಿನ ತರಗತಿಯಲ್ಲಿ ಮಾತಾಡುತ್ತಾರೆ, ಅಷ್ಟು ಸಾಕು. ಒಂದು ನಿರ್ದಿಷ್ಟ ತಪ್ಪುಗ್ರಹಿಕೆಯನ್ನು ಬಿಡಿಸುವ ಜಾಗ ಅದಲ್ಲ.

ಈಗ ನಾನು ಅನುಸರಿಸುವ ಕ್ರಮದಲ್ಲಿ ಸೆಲ್ಲು-ತಂತಿ ಮೊದಲು, ಫೆಟ್ ಅನಂತರ. ತಿರುಗುಮುರುಗು ಮಾಡಿದ ವರ್ಷ, ನಿಜವಾದ ಬಲ್ಬು ಮಾದರಿಯಂತೆ ವರ್ತಿಸದಿದ್ದಾಗ ಮಕ್ಕಳು ಬಲ್ಬೇ ಕೆಟ್ಟಿದೆ ಎಂದು ಪಕ್ಕಕ್ಕಿಟ್ಟರು. ಸ್ಮಾರ್ಟ್ ಬೋರ್ಡನ್ನು ಗ್ರಹಣ, ಕೋಶವಿಭಜನೆಯಂತಹ, ಬೆಂಚಿನ ಮೇಲೆ ಇಡಲಾಗದ ಪಾಠಗಳಿಗೆ ಉಳಿಸಿಕೊಂಡಿದ್ದೇನೆ. ದಾನಿಗಳು ಇನ್ನೊಂದು ಬೋರ್ಡ್ ಕೊಡಿಸಲು ಮುಂದೆ ಬಂದರೆ, ಅದರ ಬದಲು ಗುಂಪಿಗೊಂದು ಮಲ್ಟಿಮೀಟರ್ ಮತ್ತು ಸುಲಭವಾಗಿ ಸರಿಸಬಹುದಾದ ಹಗುರ ಬೆಂಚುಗಳನ್ನು ಕೇಳಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ.